ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ?

ಪ್ರಶ್ನೆ: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ ನಮ್ಮ ತಂದೆಯವರು ರಾತ್ರಿ ಊಟದ ನಂತರ ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಮಾತ್ರೆ ತೆಗೆದುಕೊಳ್ಳಬೇಕು. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಗಡಿಬಿಡಿಯಲ್ಲಿ ಆಗಾಗ ಮರೆಯುತ್ತಾರೆ. ಬೆಳಿಗ್ಗೆ ಕೊಡಬಹುದೇ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಕೊಡಬಹುದು. ಯಕೃತ್ತು ಕೊಲೆಸ್ಟ್ರಾಲನ್ನು ರಾತ್ರಿಯ ಹೊತ್ತು ಹೆಚ್ಚಾಗಿ ತಯಾರಿಸುವುದರಿಂದ, ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕಡಿಮೆಯಾಗಿಬಿಡುವ ಸಿಮ್ವಾಸ್ಟಾಟಿನ್‌ನಂಥ ಇದೇ ಗುಂಪಿನ ಹಳೆಯ ಔಷಧಗಳನ್ನು ಸಂಜೆ ಅಥವಾ ರಾತ್ರಿ ಕೊಡುವ ರೂಢಿ ಬಂದಿತು. ಅವುಗಳ ಮಟ್ಟಿಗೆ ಅದು ಇಂದಿಗೂ ಸರಿಯೇ. ಆದರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಅಟೊರ್ವಾಸ್ಟಾಟಿನ್‌ಗೆ ಸುಮಾರು 14 ಗಂಟೆ, ರೋಸುವಾಸ್ಟಾಟಿನ್‌ಗೆ ಸುಮಾರು 19 ಗಂಟೆ ಬೇಕಾಗುವುದರಿಂದ, ಇವೆರಡನ್ನೂ ದಿನದ ಯಾವ ಹೊತ್ತಿನಲ್ಲಾದರೂ, ಊಟಕ್ಕೆ ಮೊದಲು ಅಥವಾ ನಂತರ ತೆಗೆದುಕೊಳ್ಳಬಹುದು. ಹೊತ್ತಿಗಿಂತ ಮುಖ್ಯವಾದದ್ದು ಒಂದು ದಿನವೂ ತಪ್ಪದಿರುವುದು. ಸ್ಟೆಂಟ್ ಇರುವವರು ಈ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಮತ್ತೆ ಹೃದಯಾಘಾತವಾಗುವ ಅಪಾಯ ಹೆಚ್ಚುತ್ತದೆ. ನಿಮ್ಮ ತಂದೆಯವರು ಬೆಳಗಿನ ಬಿ.ಪಿ. ಅಥವಾ ರಕ್ತ ತೆಳುವಾಗಿಸುವ ಮಾತ್ರೆಯ ಜೊತೆಗೇ ಇದನ್ನೂ ತೆಗೆದುಕೊಳ್ಳುವಂತಾದರೆ ಮರೆವು ತಾನಾಗಿ ಕಡಿಮೆಯಾದೀತು. ಬದಲಾವಣೆಯನ್ನು ಮುಂದಿನ ತಪಾಸಣೆಯಲ್ಲಿ ವೈದ್ಯರಿಗೆ ತಿಳಿಸಿ.

ಹಿಂದಿನ ರಾತ್ರಿಯದು ತಪ್ಪಿತೆಂದು ಎರಡು ಮಾತ್ರೆಗಳನ್ನು ಒಟ್ಟಿಗೆ ಕೊಡಬೇಡಿ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಬೇಕು. ನಿಮ್ಮ ಸೀಮೆಗೆ ಹತ್ತಿರದ ದೇವನಹಳ್ಳಿಯ ಚಕ್ಕೋತ ಹೆಸರಾದ ಹಣ್ಣು; ಆದರೆ ಆ ಜಾತಿಯ ಹಣ್ಣುಗಳಲ್ಲಿರುವ ಕೆಲವು ಅಂಶಗಳು ಅಟೊರ್ವಾಸ್ಟಾಟಿನ್ ದೇಹದಲ್ಲಿ ವಿಘಟನೆಯಾಗುವುದನ್ನು ತಡೆದು, ರಕ್ತದಲ್ಲಿ ಅದರ ಪ್ರಮಾಣವನ್ನು ಹೆಚ್ಚಿಸಬಲ್ಲವು. ಆದ್ದರಿಂದ ಅದನ್ನು ದಿನವೂ ಹೆಚ್ಚಾಗಿ ತಿನ್ನುವ ಅಭ್ಯಾಸವಿದ್ದರೆ ವೈದ್ಯರಿಗೆ ಹೇಳಿ. ಕಾರಣವಿಲ್ಲದೆ ಮೈಕೈ ಸ್ನಾಯುಗಳು ತೀವ್ರವಾಗಿ ನೋಯತೊಡಗಿದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ತಡಮಾಡದೆ ಅವರನ್ನು ಕಾಣಿ.