ರಾಜಮುಡಿ ಹುಲ್ಲು ಖಾಲಿ, ರೋಲ್ ಹುಲ್ಲು ಗೋದಲಿಯಲ್ಲೇ: ತಪ್ಪು ತಳಿಯದ್ದಾ?

ಪ್ರಶ್ನೆ: ನಾವು ಆಲೂರು ಕಡೆಯವರು. ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಇವೆ. ಮನೆಯೂಟಕ್ಕೆ ಅಂತ ಸ್ವಲ್ಪ ರಾಜಮುಡಿ ಭತ್ತ ಹಾಕಿ ಕುಡುಗೋಲಿನಲ್ಲಿ ಕುಯ್ದೆವು. ಉಳಿದ ಗದ್ದೆಗೆ ಗಿಡ್ಡ ತಳಿ ಹಾಕಿ, ಮಷಿನ್‌ನಲ್ಲಿ ಕುಯ್ಸಿ ಹುಲ್ಲನ್ನು ರೋಲ್ ಕಟ್ಟಿಸಿದೆವು. ರಾಜಮುಡಿ ಹುಲ್ಲನ್ನು ಹಸುಗಳು ಪೂರ್ತಿ ತಿನ್ನುತ್ತವೆ. ರೋಲ್ ಹುಲ್ಲು ಗೋದಲಿಯಲ್ಲೇ ಉಳಿಯುತ್ತದೆ, ಹಾಲೂ ಕಮ್ಮಿ. ತಳಿಯಿಂದ ತಳಿಗೆ ಹುಲ್ಲು ಅಷ್ಟು ಬೇರೆ ಇರುತ್ತಾ? ಮುಂದಿನ ಸಲ ಪೂರ್ತಿ ರಾಜಮುಡಿ ಹಾಕಲಾ?

ಉತ್ತರ: ಬೇರೆ ಇರುತ್ತದೆ, ನಿಜ. ಆದರೆ ನಿಮ್ಮ ವಿವರ ಓದಿದರೆ ನನಗೆ ಮೊದಲು ಅನುಮಾನ ಬರುವುದು ತಳಿಯ ಮೇಲಲ್ಲ, ಮಷಿನ್ ಮೇಲೆ.

ಜೋಳ, ಗೋಧಿಯಲ್ಲಿ ಎಲೆ ಚೆನ್ನಾಗಿ ಅರಗುತ್ತದೆ, ದಂಟು ಕಷ್ಟ. ಭತ್ತದಲ್ಲಿ ಇದು ಉಲ್ಟಾ. ಭತ್ತದ ಬೇರು ನೆಲದಿಂದ ಸಿಲಿಕಾವನ್ನು ಎಳೆದುಕೊಳ್ಳುತ್ತದೆ. ಅದು ದಂಟಿಗಿಂತ ಎಲೆಯಲ್ಲೇ ಜಾಸ್ತಿ ಕೂರುತ್ತದೆ. ಮರಳಿನಲ್ಲಿರುವುದೂ ಇದೇ ವಸ್ತು. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳಿಗೆ ಆ ಎಲೆ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಭತ್ತದ ಹುಲ್ಲಿನಲ್ಲಿ ಒಳ್ಳೆಯ ಭಾಗ ದಂಟು. ಮಷಿನ್ ಕೂಳೆಯನ್ನು ಎತ್ತರಕ್ಕೆ ಬಿಟ್ಟು ಕುಯ್ದರೆ ಆ ದಂಟು ಗದ್ದೆಯಲ್ಲೇ ಉಳಿಯುತ್ತದೆ. ರೋಲ್‌ಗೆ ಸಿಗುವುದು ಹೆಚ್ಚಾಗಿ ಎಲೆ. ಕುಡುಗೋಲು ಹಾಕಿದ ಕಡೆ ಬುಡದವರೆಗೂ ಬಂದಿರುತ್ತದೆ, ಅಲ್ವಾ?

ಇನ್ನು ತಳಿ. ಎಲೆ ಎಷ್ಟು, ದಂಟು ಎಷ್ಟು, ಸಿಲಿಕಾ ಎಷ್ಟು ಅನ್ನುವುದು ತಳಿಗೆ ತಕ್ಕಂತೆ ಬದಲಾಗುತ್ತದೆ. ಆದರೆ ಎತ್ತರದ್ದೆಲ್ಲ ಒಳ್ಳೆಯದು, ಗಿಡ್ಡದ್ದೆಲ್ಲ ಕೆಟ್ಟದ್ದು ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಕಾಳು ಜಾಸ್ತಿ ಬಂದರೆ ಹುಲ್ಲು ಕೆಡಲೇಬೇಕು ಅಂತಲೂ ಇಲ್ಲ. ಒಂದೇ ತಳಿ ಬೇರೆ ಗದ್ದೆಯಲ್ಲಿ, ಬೇರೆ ವರ್ಷ ಬೇರೆ ಥರ ಇರುತ್ತದೆ. ಬೀಜ ಕೊಡುವವರು ಇಳುವರಿ ಹೇಳುತ್ತಾರೆ, ರೋಗ ಹೇಳುತ್ತಾರೆ. ಹುಲ್ಲಿನ ಮಾತೇ ಇರುವುದಿಲ್ಲ. ಹಸು ಕಟ್ಟುವ ಊರಲ್ಲಿ ಇದು ಬೇಜಾರಿನ ಸಂಗತಿ.

ಬರೀ ಹುಲ್ಲಿಗೋಸ್ಕರ ಗದ್ದೆಯೆಲ್ಲ ರಾಜಮುಡಿ ಮಾಡಬೇಡಿ. ಅದು ದೀರ್ಘಾವಧಿ ತಳಿ, ಗೊಬ್ಬರ ಜಾಸ್ತಿಯಾದರೆ ಪೈರು ನೆಲಕ್ಕೆ ಮಲಗುತ್ತದೆ. ಈ ಸಲ ಗಿಡ್ಡ ತಳಿಯ ಒಂದು ಮಡಿಯನ್ನು ಕುಡುಗೋಲಿನಲ್ಲಿ ಬುಡಕ್ಕೆ ಕುಯ್ದು, ಚೆನ್ನಾಗಿ ಒಣಗಿಸಿ ಬೇರೆ ಮೆದೆ ಹಾಕಿ. ಅದೇ ಹಸುವಿಗೆ ಒಂದು ವಾರ ಅದನ್ನು, ಇನ್ನೊಂದು ವಾರ ರಾಜಮುಡಿ ಹುಲ್ಲನ್ನು ತೂಕ ಮಾಡಿ ಹಾಕಿ. ಉಳಿದದ್ದನ್ನೂ ತೂಗಿ. ಹಿಂಡಿ, ಬೂಸಾ ಬದಲಿಸಬೇಡಿ. ಎರಡನ್ನೂ ಸಮ ತಿಂದರೆ ತಪ್ಪು ತಳಿಯದ್ದಲ್ಲ. ಆಗ ಮಷಿನ್‌ನವರಿಗೆ ಕೆಳಗೆ ಇಳಿಸಿ ಕುಯ್ಯಲು ಹೇಳಿ. ರೋಲ್ ಬಿಚ್ಚಿದಾಗ ಮುಗ್ಗಲು ವಾಸನೆ ಇದೆಯಾ ಅಂತಲೂ ನೋಡಿ. ಹಸಿಯಿದ್ದಾಗಲೇ ಸುತ್ತಿದ ಹುಲ್ಲನ್ನು ಹಸು ಮೂಸಿ ಬಿಡುತ್ತದೆ. ಬೂಸ್ಟು ಹಿಡಿದಿದ್ದರೆ ಬಲವಂತ ಮಾಡಬೇಡಿ.

ಹಾಲಿನ ವಿಷಯ ಬೇರೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಸುಮಾರು ಶೇ 4 ಅಷ್ಟೇ. ಹೊಟ್ಟೆಯ ಸೂಕ್ಷ್ಮಜೀವಿಗಳು ಸರಿಯಾಗಿ ಕೆಲಸ ಮಾಡಲು ಮೇವಿನಲ್ಲಿ ಒಟ್ಟು ಶೇ 7 ಆದರೂ ಬೇಕು. ಹಸಿಮೇವು, ಅಲಸಂದೆ ಸೇರಿಸಿ. ಈ ಹುಲ್ಲಿನಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಸುಣ್ಣದಂಶವನ್ನು (ಕ್ಯಾಲ್ಸಿಯಂ) ಹಿಡಿದುಕೊಳ್ಳುತ್ತದೆ, ಹಾಗಾಗಿ ಖನಿಜ ಮಿಶ್ರಣ ತಪ್ಪಿಸಬೇಡಿ.

ಉಳಿದ ಒಣ ರೋಲ್ ಹುಲ್ಲಿಗೆ ಯೂರಿಯಾ ಉಪಚಾರ ಮಾಡಬಹುದು. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಟಾರ್ಪಾಲು ಮುಚ್ಚಿ 3 ವಾರ ಬಿಡಿ. ತೆಗೆದ ಮೇಲೆ ಘಾಟು ಹೋಗುವವರೆಗೆ ಹರಡಿ, ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಯೂರಿಯಾ ಕರಗಿಸಿದ ಬಕೆಟ್ಟು ಹಸುವಿನ ಬಾಯಿಗೆ ಸಿಗದ ಹಾಗೆ ಇಡಿ, ಆ ನೀರು ಕುಡಿದರೆ ಪ್ರಾಣಕ್ಕೇ ಅಪಾಯ.