ಮಂದ ಗಾಳಿಯ ದಿನ ಹಾಯಿದೋಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಪೊನ್ನಂಪೇಟೆ ಕಡೆಯವನು. ಮಂಗಳೂರಿನಲ್ಲಿ ಪದವಿ ಓದುತ್ತಿದ್ದು, ಎನ್‌ಸಿಸಿ ನೌಕಾ ವಿಭಾಗದಲ್ಲಿದ್ದೇನೆ. ಈಚೆಗೆ ಬಂದರಿನ ಒಳನೀರಿನಲ್ಲಿ ಎಂಟರ್‌ಪ್ರೈಸ್ ಹಾಯಿದೋಣಿಯ ಅಭ್ಯಾಸಕ್ಕೆ ಇಳಿದ ದಿನ ಗಾಳಿ ತೀರಾ ಕಡಿಮೆಯಿತ್ತು. ಹಾಯಿಯನ್ನು ಎಷ್ಟು ಬಿಗಿದು ಕಟ್ಟಿದರೂ ನಮ್ಮ ದೋಣಿ ಮುಂದೆ ಹೋಗದೆ ಇಳಿತದ ನೀರಿನೊಂದಿಗೆ ಅಳಿವೆಯ ಕಡೆಗೇ ಸರಿಯುತ್ತಿತ್ತು. ಅದೇ ಗಾಳಿಯಲ್ಲಿ ಜೊತೆಯವರ ದೋಣಿ ನಮ್ಮನ್ನು ನಿಧಾನವಾಗಿ ದಾಟಿ ಹೋಯಿತು. ನಾವು ಎಡವಿದ್ದು ಎಲ್ಲಿ?

ಉತ್ತರ: ಉತ್ತರದ ಅರ್ಧ ಭಾಗ ನಿಮ್ಮ ಪತ್ರದಲ್ಲೇ ಇದೆ. ಗಾಳಿ ಕಡಿಮೆಯಿದ್ದಾಗ ಹಾಯಿಯನ್ನು ಬಿಗಿಯಬಾರದು, ಸಡಿಲ ಬಿಡಬೇಕು. ಹೊಸಬರೆಲ್ಲರ ಕೈ ಇದಕ್ಕೆ ವಿರುದ್ಧವಾಗಿ ಹೋಗುವುದು ಸಹಜವೇ; ದೋಣಿ ಓಡದಿದ್ದಾಗ ಏನಾದರೂ ಮಾಡಬೇಕೆಂದು ಮನಸ್ಸು ಒತ್ತಾಯಿಸುತ್ತದೆ, ಕೈಗೆ ಮೊದಲು ಸಿಗುವುದು ಹಾಯಿಯ ಹಗ್ಗವೇ ಆಗಿರುತ್ತದೆ.

ಹಾಯಿಯ ಮೇಲೆ ಗಾಳಿ ಹಾಕುವ ಬಲವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, 8 ನಾಟ್ ಗಾಳಿ 4 ನಾಟ್‌ಗೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. (ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್.) ಬ್ಯೂಫೋರ್ಟ್ ಮಾಪಕದಲ್ಲಿ 1ರಿಂದ 3 ನಾಟ್ ಗಾಳಿಯನ್ನು ಒಂದನೆಯ ಬಲವೆಂದೂ 4ರಿಂದ 6 ನಾಟ್ ಗಾಳಿಯನ್ನು ಎರಡನೆಯ ಬಲವೆಂದೂ ಎಣಿಸುತ್ತಾರೆ. ನೀವು ಹೇಳುವ ದಿನ ಬಹುಶಃ ಇವೆರಡರ ನಡುವೆ ತೂಗಾಡುತ್ತಿತ್ತು. ಇಷ್ಟು ದುರ್ಬಲವಾದ ಗಾಳಿಗೆ ಬಿಗಿದ ಹಾಯಿಯ ಬಾಗನ್ನು ಅಂಟಿಕೊಂಡು ಹರಿಯುವ ಶಕ್ತಿಯಿರುವುದಿಲ್ಲ. ಅದು ಹಾಯಿಯ ಹಿಂಬದಿಯಲ್ಲಿ ಕಿತ್ತುಕೊಂಡು ಸುಳಿಯಾಗುತ್ತದೆ, ಹಾಯಿ ನಿಷ್ಪ್ರಯೋಜಕವಾಗುತ್ತದೆ. ಹಾಯಿಗೆ ಕಟ್ಟಿರುವ ಉಣ್ಣೆಯ ಎಳೆಗಳನ್ನು ನೋಡುತ್ತಿದ್ದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಎರಡೂ ಬದಿಯ ಎಳೆಗಳು ಹಿಂದಕ್ಕೆ ನೇರವಾಗಿ ಹಾರುವವರೆಗೆ ಹಗ್ಗವನ್ನು ಬಿಡುತ್ತಾ ಹೋಗಬೇಕು. ಹಾಯಿಯ ಕೆಳಅಂಚಿನ ಅಡ್ಡದಂಡವಾದ ಬೂಮ್ ಅನ್ನು ಕೆಳಕ್ಕೆ ಎಳೆದು ಹಿಡಿಯುವ ಕಿಕ್ಕರ್ ಹಗ್ಗವನ್ನೂ ಆ ದಿನ ಸಡಿಲಿಸಬೇಕು. ಗಾಳಿಗೆ ಎದುರಾಗಿ ಹೋಗುವಾಗ ದೋಣಿಯ ಮೂತಿಯನ್ನು ಗಾಳಿಯ ದಿಕ್ಕಿಗೆ ಹೆಚ್ಚು ಹತ್ತಿರ ತರುವ ಆಸೆಯನ್ನು ಬಿಡಬೇಕು. ಕೊಂಚ ದೂರ ತಿರುಗಿಸಿ ಮೊದಲು ವೇಗ ಪಡೆಯಬೇಕು. ವೇಗವಿದ್ದರೆ ಮಾತ್ರ ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗೆ ಇಳಿಬಿಡುವ ಹಲಗೆ) ನೀರನ್ನು ಹಿಡಿಯುತ್ತದೆ, ಚುಕ್ಕಾಣಿಯೂ ಮಾತು ಕೇಳುತ್ತದೆ.

ಇನ್ನು ನೀವಿಬ್ಬರೂ ಎಲ್ಲಿ ಕುಳಿತಿದ್ದಿರಿ ಎಂಬುದು ಮುಖ್ಯ. ಎಂಟರ್‌ಪ್ರೈಸ್ 4.04 ಮೀಟರ್ ಉದ್ದದ, ಇಬ್ಬರು ನಡೆಸುವ ದೋಣಿ; 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ಅವರು ರೂಪಿಸಿದ್ದು. ಅದರ ಹಿಂಭಾಗ ಅಗಲವಾಗಿ, ಚಪ್ಪಟೆಯಾಗಿದೆ. ಜೋರು ಗಾಳಿಯಲ್ಲಿ ಕೂರುವ ರೂಢಿಯಂತೆ ಮಂದ ಗಾಳಿಯಲ್ಲೂ ಹಿಂದಕ್ಕೆ ಕುಳಿತರೆ ಆ ಅಗಲ ಭಾಗವೆಲ್ಲ ನೀರಿನಲ್ಲಿ ಮುಳುಗಿ, ದೋಣಿ ಬಕೆಟ್ ಎಳೆದಂತೆ ನೀರನ್ನು ಎಳೆದುಕೊಂಡು ಹೋಗುತ್ತದೆ. ನಿಧಾನವಾಗಿ ಸಾಗುವ ದೋಣಿಯನ್ನು ತಡೆಯುವುದು ಬಹುಮಟ್ಟಿಗೆ ತಳವನ್ನು ಒರೆಸಿ ಹೋಗುವ ನೀರಿನ ಘರ್ಷಣೆಯೇ ಆದ್ದರಿಂದ, ನೀರಿಗೆ ತಾಗುವ ತಳದ ವಿಸ್ತೀರ್ಣವನ್ನು ಕಡಿಮೆ ಮಾಡಬೇಕು. ಇಬ್ಬರೂ ಮುಂದಕ್ಕೆ, ಹಾಯಿಕಂಬದ ಸಮೀಪಕ್ಕೆ ಸರಿಯಬೇಕು. ಒಬ್ಬರಾದರೂ ಗಾಳಿಯ ಮರೆಯ ಬದಿಯಲ್ಲಿ, ಅಂದರೆ ಹಾಯಿ ಚಾಚಿರುವ ಬದಿಯಲ್ಲಿ ಕುಳಿತು ದೋಣಿಯನ್ನು ಆ ಕಡೆಗೆ ತುಸು ವಾಲಿಸಬೇಕು. ವಾಲಿದಾಗ ಹಾಯಿ ತನ್ನ ಭಾರದಿಂದಲೇ ಇಳಿಬಿದ್ದು ಆಕಾರ ತಾಳುತ್ತದೆ, ಅಷ್ಟು ಕ್ಷೀಣವಾದ ಗಾಳಿಯು ಬಟ್ಟೆಯನ್ನು ಉಬ್ಬಿಸುವ ಕೆಲಸದಲ್ಲೇ ಸೋತುಹೋಗುವುದಿಲ್ಲ. ಹೀಗೆ ಕುಳಿತ ಮೇಲೆ ಅಲುಗಾಡಬಾರದು. ಸ್ಥಳ ಬದಲಿಸಬೇಕಾದರೆ ಬೆಕ್ಕಿನ ಹೆಜ್ಜೆಯಲ್ಲಿ ಬದಲಿಸಬೇಕು. ಧೊಪ್ಪನೆ ಕುಳಿತರೆ ಹಾಯಿ ನಡುಗಿ, ಅದಕ್ಕೆ ಅಂಟಿಕೊಂಡಿದ್ದ ಗಾಳಿ ಚದುರುತ್ತದೆ. ಚುಕ್ಕಾಣಿಯನ್ನೂ ಬೆರಳ ತುದಿಯಲ್ಲಿ ಹಿಡಿಯುವುದು ಲೇಸು, ಏಕೆಂದರೆ ಅದನ್ನು ತಿರುಗಿಸಿದಷ್ಟೂ ಅದು ನೀರಿಗೆ ಅಡ್ಡವಾಗುತ್ತದೆ. ನಿಮ್ಮನ್ನು ದಾಟಿದವರನ್ನು ನೆನಪಿಸಿಕೊಳ್ಳಿ: ಅವರು ನಿಮಗಿಂತ ಹೆಚ್ಚು ಏನನ್ನೋ ಮಾಡುತ್ತಿದ್ದರೆಂದು ನನಗನ್ನಿಸುವುದಿಲ್ಲ, ಖಂಡಿತ ಕಡಿಮೆಯೇ ಮಾಡುತ್ತಿದ್ದಿರಬೇಕು.

ಗಾಳಿಯನ್ನು ಹುಡುಕುವ ವಿಷಯದಲ್ಲಿ ಕೊಡಗಿನವರಾದ ನಿಮಗೆ ಒಂದು ಅನುಕೂಲವಿದೆ. ತೋಟದಲ್ಲಿ ನಿಂತಿರುವಾಗ ಮುಖಕ್ಕೆ ಗಾಳಿ ತಿಳಿಯುವ ಮೊದಲೇ ಸಿಲ್ವರ್ ಓಕ್ ಎಲೆಗಳು ಮಗುಚಿ ಬೆಳ್ಳಿಯ ಬಣ್ಣದ ಅಡಿಮೈ ತೋರಿಸುವುದನ್ನು ನೀವು ನೋಡಿಯೇ ಇರುತ್ತೀರಿ. ನೀರಿನ ಮೇಲೂ ಅಷ್ಟೇ ಸೂಕ್ಷ್ಮವಾಗಿ ನೋಡಬೇಕು. ಗಾಳಿಯಿರುವ ಕಡೆ ನೀರು ಸಣ್ಣ ನಿರಿಗೆಗಟ್ಟಿ ಕಪ್ಪಾಗಿ ಕಾಣುತ್ತದೆ, ಗಾಳಿಯಿಲ್ಲದ ಕಡೆ ಕನ್ನಡಿಯಾಗಿರುತ್ತದೆ. ಆ ಕಪ್ಪು ಪಟ್ಟಿಗಳನ್ನು ಒಂದರಿಂದ ಒಂದಕ್ಕೆ ಜೋಡಿಸಿಕೊಂಡು ಹೋಗುವುದೇ ಮಂದ ಗಾಳಿಯ ದಾರಿ. ಬಂದರಿನಲ್ಲಿ ದಕ್ಕೆಯ ಗೋದಾಮುಗಳು, ಲಂಗರು ಹಾಕಿದ ಹಡಗುಗಳು ಗಾಳಿಗೆ ಅಡ್ಡ ನಿಂತು ತಮ್ಮ ಎತ್ತರದ ಹಲವು ಪಟ್ಟು ದೂರದವರೆಗೆ ಗಾಳಿಯನ್ನು ಕೆಡಿಸುತ್ತವೆ; ಅವುಗಳ ಮರೆಯಿಂದ ದೂರವಿರಿ. ಕರಾವಳಿಯಲ್ಲಿ ಚಳಿಗಾಲ ಮತ್ತು ಬೇಸಿಗೆಯ ಬೆಳಿಗ್ಗೆ ನೆಲದ ಕಡೆಯಿಂದ ಮೂಡುಗಾಳಿ ಬೀಸಿ, ಬಿಸಿಲೇರಿದಂತೆ ನಿಂತು, ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯ ಪಡುಗಾಳಿ ಶುರುವಾಗುತ್ತದೆ. ಇವೆರಡರ ನಡುವಿನ ನಿಶ್ಚಲ ಅವಧಿಯಲ್ಲಿ ನೀವು ನೀರಿಗಿಳಿದಿದ್ದರೆ ಆಶ್ಚರ್ಯವಿಲ್ಲ.

ಕೊನೆಯದಾಗಿ ಇಳಿತ. ಇದನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ಹೇಳುತ್ತಿದ್ದೇನೆ, ಏಕೆಂದರೆ ಮಂದ ಗಾಳಿಯ ದಿನ ಅಪಾಯ ಬರುವುದು ಗಾಳಿಯಿಂದಲ್ಲ, ನೀರಿನಿಂದ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯ ಮೂಲಕ ಕಡಲನ್ನು ಸೇರುತ್ತವೆ; ಇಳಿತದ ಹೊತ್ತಿನಲ್ಲಿ ನದಿಯ ಹರಿವೂ ಸೇರಿಕೊಂಡು ದೋಣಿಯನ್ನು ಅಲೆಗಳು ಒಡೆಯುವ ಅಳಿವೆ ಬಾಗಿಲಿನತ್ತ ಒಯ್ಯುತ್ತದೆ. ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಎರಡು ಇಳಿತಗಳಿದ್ದು, ಅವು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಹೊರಡುವ ಮೊದಲು ಅಂದಿನ ಹೊತ್ತನ್ನು ತಿಳಿದುಕೊಳ್ಳಿ. ಇಳಿತವಿದ್ದರೆ ಮೊದಲು ಪ್ರವಾಹಕ್ಕೆ ಎದುರಾಗಿ ಒಳಗಿನ ಕಡೆಗೆ ಹೋಗಿ, ಗಾಳಿ ನಿಂತರೂ ನೀರೇ ನಿಮ್ಮನ್ನು ಹೊರಟ ಜಾಗಕ್ಕೆ ತರುತ್ತದೆ. ಪ್ರವಾಹ ನಡುವಿನ ಆಳದಲ್ಲಿ ಜೋರು, ದಡದ ಆಳವಿಲ್ಲದ ನೀರಿನಲ್ಲಿ ನಿಧಾನ. ಎದುರಾಗಿ ಹೋಗುವಾಗ ದಡ ಹಿಡಿಯುವುದು ಜಾಣತನ. ದೋಣಿಯಲ್ಲಿ ಹುಟ್ಟು ಮತ್ತು ಹಗ್ಗ ಕಟ್ಟಿದ ಸಣ್ಣ ಲಂಗರು ಇರಲೇಬೇಕು. ಹಿಂದಕ್ಕೆ ಸರಿಯುತ್ತಿದ್ದೇವೆಂದು ದಡದ ಎರಡು ಗುರುತುಗಳನ್ನು ನೋಡಿ ಖಚಿತವಾದ ಕೂಡಲೇ ಲಂಗರು ಬಿಟ್ಟು ಗಾಳಿಗಾಗಿ ಕಾಯಿರಿ. ಆದರೆ ಹಡಗುಗಳು ಓಡಾಡುವ ಕಾಲುವೆಯಲ್ಲಿ ಲಂಗರು ಹಾಕಬೇಡಿ. ಇಕ್ಕಟ್ಟಾದ ಜಲಮಾರ್ಗದಲ್ಲಿ ಮಾತ್ರ ಸುರಕ್ಷಿತವಾಗಿ ಚಲಿಸಬಲ್ಲ ಹಡಗಿಗೆ ಹಾಯಿದೋಣಿ ಅಡ್ಡಿಯಾಗಬಾರದೆಂಬುದು ಅಂತರರಾಷ್ಟ್ರೀಯ ಸಂಚಾರ ನಿಯಮ.

ಪ್ರಶ್ನೆ: ಕುಶಾಲನಗರದಲ್ಲಿರುವ ನಮಗೆ ಹಾರಂಗಿ ಹಿನ್ನೀರು ಹತ್ತಿರ. ಬಂದರಿಗೆ ಹೋಗುವ ಮೊದಲು ಅಲ್ಲಿ ಅಭ್ಯಾಸ ಮಾಡಿದರೆ ಪ್ರಯೋಜನವಿದೆಯೇ?

ಉತ್ತರ: ದೋಣಿಯ ಮಟ್ಟಿಗೆ ಪ್ರಯೋಜನವಿದೆ, ಅನುಮತಿಯಿದ್ದರೆ. ಜಲಾಶಯವು ಕಾವೇರಿ ನೀರಾವರಿ ನಿಗಮದ ಸುಪರ್ದಿಯಲ್ಲಿರುವುದರಿಂದ ಲಿಖಿತ ಒಪ್ಪಿಗೆಯಿಲ್ಲದೆ ಇಳಿಯಬೇಡಿ, ಮಳೆಗಾಲದಲ್ಲಂತೂ ಯೋಚಿಸಲೇಬೇಡಿ. ಅಲ್ಲಿ ಉಬ್ಬರ ಇಳಿತಗಳಿಲ್ಲದ ಕಾರಣ ಗಾಳಿಯೊಂದನ್ನೇ ಗಮನಿಸಿ ಕಲಿಯಬಹುದು. ಗುಡ್ಡಗಳ ನಡುವಿನ ಗಾಳಿ ಮಾತ್ರ ಗಳಿಗೆಗೊಮ್ಮೆ ದಿಕ್ಕು ಬದಲಿಸುತ್ತದೆ. ಇದು ಕಷ್ಟವೇ ಆದರೂ ಹಾಯಿಯ ಎಳೆಗಳನ್ನು ಬಿಡದೆ ನೋಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಪ್ರಶ್ನೆ: ಮಡಿಕೇರಿಯ ತಾಯಿಯೊಬ್ಬಳು ನಾನು. ಹತ್ತು ವರ್ಷದ ಮಗಳು ರಜೆಯಲ್ಲಿ ಹಾಯಿದೋಣಿ ಶಿಬಿರಕ್ಕೆ ಹೋಗಬೇಕೆನ್ನುತ್ತಾಳೆ. ಕಳುಹಿಸಬಹುದೇ?

ಉತ್ತರ: ಧಾರಾಳವಾಗಿ ಕಳುಹಿಸಿ, ಅಮ್ಮ. ಆ ವಯಸ್ಸಿನ ಮಕ್ಕಳಿಗೆಂದೇ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿಯಿದೆ; ಉದ್ದ ಸುಮಾರು 2.3 ಮೀಟರ್, ತೂಕ 35 ಕಿಲೋ, ಒಂದೇ ಹಾಯಿ. ಮೊದಲ ಪಾಠಕ್ಕೆ ಮಂದ ಗಾಳಿಯ ದಿನವೇ ಸೂಕ್ತ. ಶಿಬಿರದವರನ್ನು ಎರಡು ಪ್ರಶ್ನೆ ಕೇಳಿ: ಮಗುವಿನ ತೂಕಕ್ಕೆ ಸರಿಹೊಂದುವ ಜೀವರಕ್ಷಕ ಜಾಕೆಟ್ ಇದೆಯೇ, ಮಕ್ಕಳು ನೀರಿನಲ್ಲಿರುವಷ್ಟು ಹೊತ್ತೂ ಮೋಟಾರು ದೋಣಿಯೊಂದು ಜೊತೆಗಿರುತ್ತದೆಯೇ. ಇವೆರಡರಲ್ಲಿ ಒಂದಕ್ಕೆ ಇಲ್ಲವೆಂದರೂ ಬೇರೆ ಶಿಬಿರ ನೋಡಿ. ಗಾಳಿಯಿಲ್ಲದ ದಿನ ನೀರಿನ ಮೇಲಿನ ಬಿಸಿಲು ನಮ್ಮ ಮಡಿಕೇರಿಯ ಮಕ್ಕಳಿಗೆ ಊಹೆಗೂ ಮೀರಿದ್ದು. ಉದ್ದ ತೋಳಿನ ಅಂಗಿ, ದಾರ ಕಟ್ಟಿದ ಟೋಪಿ, ಸಾಕಷ್ಟು ಕುಡಿಯುವ ನೀರು ಕೊಟ್ಟು ಕಳುಹಿಸಿ.