‘ಗ್ಯಾರೇಜ್‌ಗೆ ಹೋಗ್ತೀನಿ, ಸ್ಕೂಲು ಬೇಡ’ ಅಂತಾನೆ, ಏನು ಮಾಡಲಿ?

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ಚಿಂತೆ. ಹದಿನೈದು, ಹದಿನಾರರ ಮಕ್ಕಳು ಶಾಲೆ ಬಿಡುವ ಅಂಚಿನಲ್ಲಿದ್ದಾರೆ, ಅವರನ್ನು ದುಡಿಮೆಗೆ ತಯಾರು ಮಾಡುವುದು ಹೇಗೆ ಅನ್ನುವುದು. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 15 ವರ್ಷ, ಈಗ ಹತ್ತನೇ ಕ್ಲಾಸು. ವಾರಕ್ಕೆ ಎರಡು ಮೂರು ದಿನ ಸ್ಕೂಲಿಗೆ ಚಕ್ಕರ್ ಹೊಡೆದು ಪೇಟೆಯ ಬೈಕ್ ಗ್ಯಾರೇಜ್‌ನಲ್ಲಿ ಇರುತ್ತಾನೆ. ದಿನಕ್ಕೆ 200 ರೂಪಾಯಿ ತಂದು ನನ್ನ ಕೈಗೆ ಕೊಡುತ್ತಾನೆ. ‘ಓದು ನನ್ ತಲೆಗೆ ಹತ್ತಲ್ಲ ಅವ್ವಾ, ಬಿಡಿಸ್ಬಿಡು’ ಅಂತಾನೆ. ಅವರಪ್ಪ ‘ಕೆಲ್ಸನಾದ್ರೂ ಕಲೀಲಿ ಬಿಡು’ ಅಂತಾರೆ. ನನಗೆ ದಿಕ್ಕೇ ತೋಚುತ್ತಿಲ್ಲ.

ಅಮ್ಮಾ, ಮೊದಲು ಒಂದು ಮಾತು. ನಿಮ್ಮ ಮಗ ಸೋಮಾರಿ ಅಲ್ಲ. ಬೆಳಿಗ್ಗೆ ಎದ್ದು ಪೇಟೆಗೆ ಹೋಗಿ, ಸಂಜೆವರೆಗೂ ಎಣ್ಣೆ ಮಸಿಯಲ್ಲಿ ಕೈ ಮಾಡಿಕೊಂಡು, ಸಿಕ್ಕ ದುಡ್ಡನ್ನು ಅಮ್ಮನ ಕೈಗೆ ಕೊಡುವ ಹುಡುಗ ಅವನು. ಆ ಗ್ಯಾರೇಜನ್ನು ಬೈಯಲು ಹೋಗಬೇಡಿ. ಅವನಿಗೆ ಈಗ ‘ನಾನೂ ಏನೋ ಬಲ್ಲೆ’ ಅನ್ನಿಸುತ್ತಿರುವುದು ಅಲ್ಲಿ ಮಾತ್ರ. ಅದನ್ನೂ ಕಿತ್ತುಕೊಂಡರೆ ಮನೆಯವರ ಮೇಲೂ ನಂಬಿಕೆ ಹೋಗುತ್ತದೆ.

‘ತಲೆಗೆ ಹತ್ತಲ್ಲ’ ಅನ್ನುವುದರ ಹಿಂದೆ ಏನಿದೆ ಅಂತ ನೋಡಬೇಕು. ಯಾರೂ ಇಲ್ಲದ ಹೊತ್ತಿನಲ್ಲಿ ಪೇಪರಿನ ಒಂದು ಸುದ್ದಿ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಒತ್ತಕ್ಷರ ಬಂದಾಗ ತಡವರಿಸುತ್ತಾನಾ? ಸಾಲು ಮುಗಿಸಿದ ಮೇಲೆ ಏನು ಓದಿದೆ ಅಂತ ಹೇಳುತ್ತಾನಾ? ಒಂದು ಭಾಗಾಕಾರ ಕೊಟ್ಟು ನೋಡಿ. ಹತ್ತನೇ ಕ್ಲಾಸಿಗೆ ಬಂದರೂ ಸರಾಗವಾಗಿ ಓದಲು ಬಾರದ ಮಕ್ಕಳು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅದು ಕ್ಲಾಸಿನಲ್ಲಿ ಎಲ್ಲರೆದುರು ಗೊತ್ತಾಗಿಬಿಟ್ಟರೆ ಅನ್ನುವ ನಾಚಿಕೆಗೇ ಸ್ಕೂಲು ತಪ್ಪಿಸುತ್ತಾರೆ. ನಿಮ್ಮ ಮಗನದೂ ಅದೇ ಆಗಿದ್ದರೆ ಟ್ಯೂಷನ್ನು, ಗೈಡು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ದಿನಾ ಅರ್ಧ ಗಂಟೆ ಜೊತೆಗೆ ಕೂತು ಓದಿಸುವ ಒಬ್ಬರು ಬೇಕು. ಊರಲ್ಲಿ ಪಿಯುಸಿ ಓದುವ ಅಕ್ಕನೋ ಅಣ್ಣನೋ ಇದ್ದರೆ ಕೇಳಿ. ಹೆಡ್‌ಮಾಸ್ಟರಿಗೂ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿ.

ಇನ್ನು ಅವರಪ್ಪನ ಮಾತು. ಕೆಲಸ ಕಲಿಯಲಿ ಅನ್ನುವುದು ಸರಿಯೇ. ಆದರೆ ಗ್ಯಾರೇಜ್ ಕೆಲಸ ಮೊದಲಿನಂತೆ ಉಳಿದಿಲ್ಲ. 2020ರ ಏಪ್ರಿಲ್‌ನಿಂದ ಮಾರುವ ಹೊಸ ಗಾಡಿಗಳೆಲ್ಲ ಬಿಎಸ್ 6, ಅಂದರೆ ಹೊಗೆ ಕಡಿಮೆ ಮಾಡುವ ಹೊಸ ನಿಯಮದವು. ಕಾರ್ಬ್ಯುರೇಟರ್ ಬಿಚ್ಚಿ ಊದಿ ಸರಿ ಮಾಡುವ ಕಾಲ ಮುಗಿಯುತ್ತಾ ಬಂತು. ಈಗ ಇಂಜಿನ್ನಿಗೆ ಪೆಟ್ರೋಲು ಎಷ್ಟು ಬೇಕು ಅಂತ ಸೆನ್ಸರ್ ನೋಡಿ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಏನು ಕೆಟ್ಟಿದೆ ಅಂತ ತಿಳಿಯಲು ಸ್ಕ್ಯಾನರ್ ಸಿಕ್ಕಿಸಬೇಕು. ಅದರಲ್ಲಿ ‘ಪಿ 0301’ ಅಂತ ಒಂದು ಕೋಡ್ ಬರುತ್ತದೆ ಅಂದುಕೊಳ್ಳಿ. ಒಂದನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅದರ ಅರ್ಥ. ಪ್ಲಗ್ಗಾ, ಕಾಯಿಲ್ಲಾ, ಇಂಜೆಕ್ಟರಾ ಅಂತ ಅಲ್ಲಿಂದ ಹುಡುಕಬೇಕು. ಮ್ಯಾನುಯಲ್ ಇರುವುದು ಇಂಗ್ಲಿಷಿನಲ್ಲಿ, ಅಳತೆ ಇರುವುದು ವೋಲ್ಟು, ಓಮ್‌ಗಳಲ್ಲಿ. ಇದನ್ನು ಓದಬಲ್ಲವನು ಮೆಕ್ಯಾನಿಕ್ ಆಗುತ್ತಾನೆ. ಓದಲಾಗದವನು ಸ್ಪ್ಯಾನರ್ ಎತ್ತಿಕೊಡುತ್ತಾ, ಗಾಡಿ ತೊಳೆಯುತ್ತಾ ಅದೇ ಕೂಲಿಯಲ್ಲಿ ಉಳಿಯುತ್ತಾನೆ. ಈ ಮಾತನ್ನು ನೀವು ಹೇಳುವುದಕ್ಕಿಂತ ಆ ಗ್ಯಾರೇಜಿನ ಮೇಸ್ತ್ರಿಯೇ ಹೇಳಲಿ. ಮಗ ಕಿವಿಗೊಡುವುದು ಅವರ ಮಾತಿಗೆ.

ಆ ಮೇಸ್ತ್ರಿಯ ಹತ್ತಿರ ಖುದ್ದಾಗಿ ಹೋಗಿ ಮಾತಾಡಿ. ‘ಅಣ್ಣಾ, ಸ್ಕೂಲಿನ ದಿನ ಬಂದ್ರೆ ವಾಪಸ್ ಕಳಿಸಿ. ಭಾನುವಾರ ಬೆಳಿಗ್ಗೆ ಬಂದು ನಿಮ್ಮ ಪಕ್ಕ ನಿಂತು ನೋಡಿ ಕಲೀಲಿ’ ಅಂತ ಕೇಳಿ. ಕೂಲಿಗಲ್ಲ, ಕಲಿಯಲು. ವೆಲ್ಡಿಂಗು, ಬ್ಯಾಟರಿ ಆಸಿಡ್ಡು, ಪೇಂಟ್ ಸ್ಪ್ರೇ ಹತ್ತಿರಕ್ಕೆ ಬಿಡಬೇಡಿ ಅಂತಲೂ ಹೇಳಿ. ಇಂಥ ಮಾತನ್ನು ತೆಗೆದುಹಾಕುವ ಮೇಸ್ತ್ರಿಗಳು ಕಡಿಮೆ. ತಾವು ಓದಲಿಲ್ಲವಲ್ಲ ಅನ್ನುವ ಕೊರಗು ಅವರಲ್ಲಿ ಎಷ್ಟೋ ಜನಕ್ಕೆ ಇರುತ್ತದೆ.

ಮಗನ ಮುಂದೆ ಇಡಬೇಕಾದ್ದು ಇದು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಸೇರಿ ಪಾಸಾದರೆ ಐಟಿಐನಲ್ಲಿ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಅನ್ನುವ ಎರಡು ವರ್ಷದ ಟ್ರೇಡ್ ಇದೆ. ಅದು ಮುಗಿದ ಮೇಲೆ ಇಷ್ಟವಿದ್ದರೆ ಪಾಲಿಟೆಕ್ನಿಕ್‌ನಲ್ಲಿ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಹಾಸನದಲ್ಲೇ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ ಇದೆ. ಎಸ್ಸೆಸ್ಸೆಲ್ಸಿ ಆದವರು ಅಲ್ಲಿ ಮಷೀನಿನ ಮೇಲೆ ಕೈಯಿಟ್ಟೇ ಡಿಪ್ಲೊಮಾ ಕಲಿಯುತ್ತಾರೆ. ಒಂದು ದಿನ ರಜ ಹಾಕಿಯಾದರೂ ಅವನನ್ನು ಕರೆದುಕೊಂಡು ಹೋಗಿ ತೋರಿಸಿ. ಬಾಯಲ್ಲಿ ಹೇಳುವುದಕ್ಕೂ ಕಣ್ಣಲ್ಲಿ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಫೇಲಾದರೆ? ಈಗ ವರ್ಷಕ್ಕೆ ಒಂದೇ ಪರೀಕ್ಷೆ ಅಲ್ಲ. ಪರೀಕ್ಷೆ 1ರಲ್ಲಿ ಉಳಿದ ವಿಷಯವನ್ನಷ್ಟೇ ಪರೀಕ್ಷೆ 2ರಲ್ಲಿ ಬರೆಯಬಹುದು. ಅಷ್ಟಾದರೂ ಆಗಲಿಲ್ಲ ಅಂದರೆ, ವೆಲ್ಡರ್ ಥರದ ಕೆಲವು ಐಟಿಐ ಟ್ರೇಡ್‌ಗಳಿಗೆ ಎಂಟನೇ ಕ್ಲಾಸು ಪಾಸಾಗಿದ್ದರೂ ಸಾಕು. ಇದನ್ನು ಮಗನಿಂದ ಮುಚ್ಚಿಡಬೇಡಿ. ಮುಂದೆ ದಾರಿ ಇದೆ ಅಂತ ಗೊತ್ತಿರುವ ಹುಡುಗ ಪರೀಕ್ಷೆಗೆ ಹೆದರಿ ಓಡುವುದು ಕಡಿಮೆ.

ಆ 200 ರೂಪಾಯಿ ಯಾವುದಕ್ಕೆ ಹೋಗುತ್ತದೆ ಅಂತ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ. ಮನೆ ಖರ್ಚು ಅದರ ಮೇಲೆ ನಿಂತಿದೆಯಾ? ಹೌದು ಅಂದರೆ ಬುದ್ಧಿಮಾತಿನಿಂದ ಏನೂ ಆಗುವುದಿಲ್ಲ. ಸರ್ಕಾರಿ ಹಾಸ್ಟೆಲ್ ಸೇರಿದರೆ ಊಟ, ವಸತಿಯ ಖರ್ಚು ತಪ್ಪುತ್ತದೆ. ಸ್ಕಾಲರ್‌ಶಿಪ್‌ಗೆ ಬೇಕಾದ ಜಾತಿ, ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಹಾಕಿ ಮಾಡಿಸಿಕೊಳ್ಳಿ. ಮಗನಿಗೂ ಮನೆಯ ಲೆಕ್ಕ ಹೇಳಿ. ಈ ವಯಸ್ಸಿನ ಮಕ್ಕಳಿಗೆ ಅದು ಅರ್ಥವಾಗುತ್ತದೆ.

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ಡಿಸೆಂಬರ್ ಬಂತೆಂದರೆ ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳ, ಮಕ್ಕಳು ಅಪ್ಪ ಅಮ್ಮನ ಜೊತೆ ಕಾಫಿ ಕೊಯ್ಯಲು ಹೋಗಿಬಿಡುತ್ತಾರೆ. ವಾಪಸ್ ಬಂದಾಗ ಪಾಠ ಬಹಳ ಮುಂದೆ ಹೋಗಿರುತ್ತದೆ. ಕೆಲವರು ಬರುವುದೇ ಇಲ್ಲ. ಶಾಲೆಯಲ್ಲೇ ಇದ್ದುಕೊಂಡು ಇವರನ್ನು ಕೆಲಸಕ್ಕೆ ತಯಾರು ಮಾಡಲು ಸಾಧ್ಯವೇ?

ಸಾಧ್ಯ ಇದೆ ಮೇಷ್ಟ್ರೇ. ಆದರೆ ಡಿಸೆಂಬರಿನಲ್ಲಿ ಶುರು ಮಾಡಿದರೆ ಆಗುವುದಿಲ್ಲ, ಜೂನ್‌ನಲ್ಲೇ ಶುರುವಾಗಬೇಕು. ಅರೇಬಿಕಾ ಕೊಯ್ಲು ಮೊದಲು, ರೋಬಸ್ಟಾ ಆಮೇಲೆ. ಎರಡೂ ಮುಗಿಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ 1 ಬಾಗಿಲಲ್ಲಿ ನಿಂತಿರುತ್ತದೆ. ಇದು ಪ್ರತಿ ವರ್ಷ ಗೊತ್ತಿರುವ ಸಂಗತಿ. ಹಾಗಾಗಿ ಕಷ್ಟದ ಅಧ್ಯಾಯಗಳನ್ನು ನವೆಂಬರ್ ಒಳಗೆ ಮುಗಿಸಿಬಿಡಿ. ಕೊಯ್ಲಿನ ತಿಂಗಳುಗಳಿಗೆ ಮರುಪಾಠ ಇರಲಿ.

ಕೊಯ್ಲಿಗೆ ಮುಂಚೆ ತೋಟದ ಲೆಕ್ಕ ಬರೆಯುವ ರೈಟರನ್ನು ಒಮ್ಮೆ ಕಾಣಿ. ಹಣ್ಣು ಕೊಯ್ಯುವುದು ಕೆಜಿ ಲೆಕ್ಕದಲ್ಲಿ. ಮಗು ಕೊಯ್ದದ್ದು ಅಮ್ಮನ ಚೀಲಕ್ಕೆ ಬೀಳುತ್ತದೆ, ತೂಕವೂ ಅಮ್ಮನ ಹೆಸರಿಗೆ. ತೋಟದ ಹಾಜರಿ ಪುಸ್ತಕ, ಅಂದರೆ ಚೆಕ್‌ರೋಲ್‌ನಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ‘ನಮ್ ತೋಟದಲ್ಲಿ ಮಕ್ಕಳು ಕೆಲಸ ಮಾಡಲ್ಲ’ ಅಂತ ಮಾಲೀಕರು ಹೇಳಿದರೆ ಅದು ಸುಳ್ಳು ಅಂತಲೂ ಅಲ್ಲ, ಅವರ ಪುಸ್ತಕದಲ್ಲಿ ಇರುವುದೇ ಅಷ್ಟು. ತೂಕ ಮಾಡುವ ಜಾಗದಲ್ಲಿ ನಿಂತಿರುವ ರೈಟರ್‌ಗೆ ಮಾತ್ರ ಪೂರ್ತಿ ಗೊತ್ತು. 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಕಾನೂನು ಪ್ರಕಾರ ಅಪರಾಧ. ಅದಕ್ಕಿಂತ ದೊಡ್ಡವರ ವಿಷಯದಲ್ಲಿ ‘ಶಾಲೆ ಇರುವ ದಿನ ಬೇಡ’ ಅಂತ ಒಪ್ಪಿಸಿದರೂ ಬಹಳ ಆಯಿತು.

ಹಾಜರಿಯನ್ನು ತಿಂಗಳ ಕೊನೆಯಲ್ಲಿ ಕೂಡಿಸಿ ಪ್ರಯೋಜನವಿಲ್ಲ. ಎರಡನೇ ದಿನವೂ ಬರಲಿಲ್ಲ ಅಂದರೆ ಅವತ್ತೇ ಫೋನ್ ಹೋಗಬೇಕು. ಒಬ್ಬೊಬ್ಬ ಶಿಕ್ಷಕರು ಏಳೆಂಟು ಮಕ್ಕಳನ್ನು ಹಂಚಿಕೊಳ್ಳಿ. ‘ನೀನು ಬರದಿದ್ದರೆ ಇವರಿಗೆ ಗೊತ್ತಾಗುತ್ತೆ’ ಅನ್ನುವ ಒಬ್ಬರು ಪ್ರತಿ ಮಗುವಿಗೂ ಇರಲಿ. ನಾನು ನೋಡಿದ ಮಟ್ಟಿಗೆ ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದರಲ್ಲಿ ಇದಕ್ಕಿಂತ ಬಲವಾದದ್ದು ಬೇರೆ ಇಲ್ಲ.

ನೀವು ಗಣಿತದವರು, ನಿಮ್ಮ ಕೈಯಲ್ಲಿ ಒಳ್ಳೆಯ ಅವಕಾಶ ಇದೆ. ಶೇಕಡಾ ಲೆಕ್ಕಕ್ಕೆ ಬೋರ್ಡೋ ದ್ರಾವಣ ತೆಗೆದುಕೊಳ್ಳಿ. ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಕಾಫಿಯ ಎಲೆ ತುಕ್ಕು ರೋಗಕ್ಕೆ ಶೇ 0.5 ಸಾಕು. ಹಾಗಾದರೆ 200 ಲೀಟರಿನ ಡ್ರಮ್ಮಿಗೆ ಎಷ್ಟೆಷ್ಟು ಬೇಕು? ಪುಸ್ತಕದ ಲೆಕ್ಕಕ್ಕೆ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಇದಕ್ಕೆ ಕೈ ಎತ್ತಿ ‘ಎರಡೂ ಒಂದೊಂದು ಕೆಜಿ ಸಾರ್, ನಮ್ಮಪ್ಪ ಹಂಗೇ ಕಲಸೋದು’ ಅಂತಾಳೆ. ಅಲ್ಲಿಂದ ಪುಸ್ತಕಕ್ಕೆ ವಾಪಸ್ ಬನ್ನಿ. ಕೆಜಿಗೆ ಇಷ್ಟು ಅಂದರೆ ವಾರದ ಬಟವಾಡೆ ಎಷ್ಟು, ಮುಂಗಡ ಕಳೆದರೆ ಕೈಗೆ ಎಷ್ಟು ಅಂತ ಅವರ ಮನೆಯದೇ ಚೀಟಿ ತಂದು ಲೆಕ್ಕ ಮಾಡಿಸಿ. ಸಂಬಳದ ಚೀಟಿ ಓದಲು ಬರುವ ಮಗುವಿಗೆ ಮುಂದೆ ಯಾರೂ ಮೋಸ ಮಾಡುವುದು ಸುಲಭವಲ್ಲ.

ಇನ್ನೊಂದು ಅಭ್ಯಾಸ ಹೇಳುತ್ತೇನೆ. ನಾನು ಶಾಲೆಗಳಿಗೆ ಹೋದಾಗ ಇದನ್ನು ಬಿಡುವುದೇ ಇಲ್ಲ. ಇಬ್ಬರು ಮಕ್ಕಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತೇನೆ. ಒಬ್ಬರು ಹೋಂಸ್ಟೇ ಮಾಲೀಕರು, ಇನ್ನೊಬ್ಬರು ಅಲ್ಲಿ ಕೆಲಸಕ್ಕಿರುವವರು. ನಾಳೆ ಬರಲಾಗುವುದಿಲ್ಲ ಅಂತ ಫೋನಿನಲ್ಲಿ ಹೇಳಬೇಕು. ಮೊದಲ ಸಲ ‘ಹಲೋ... ಹಲೋ’ ಅಂತ ಹೇಳಿ ನಕ್ಕು ಬಿಡುತ್ತಾರೆ. ಆಮೇಲೆ ನಿಧಾನಕ್ಕೆ ಬರುತ್ತದೆ: ‘ಸಾರ್, ನಾನು ಅಡುಗೆಮನೆ ಕೆಲಸದ ಹುಡುಗ. ಅಮ್ಮನಿಗೆ ಹುಷಾರಿಲ್ಲ, ನಾಳೆ ಬರಕ್ಕಾಗಲ್ಲ. ನಾಡಿದ್ದು ಏಳು ಗಂಟೆಗೆ ಬರ್ತೀನಿ.’ ಇಷ್ಟೇ. ಮೊದಲ ಕೆಲಸ ಕಳೆದುಕೊಳ್ಳುವ ಎಷ್ಟೋ ಮಕ್ಕಳಿಗೆ ಕೆಲಸ ಬಾರದೆ ಇರುವುದಿಲ್ಲ. ರಜ ಕೇಳಲು ಹೆದರಿ ಹೇಳದೆ ಕೇಳದೆ ನಿಂತುಬಿಡುತ್ತಾರೆ, ಆಮೇಲೆ ಮುಖ ತೋರಿಸಲು ನಾಚಿಕೆ. ಅರ್ಥವಾಗದಿದ್ದರೆ ‘ಇನ್ನೊಂದ್ಸಲ ಹೇಳಿ’ ಅಂತ ಕೇಳುವುದು, ಹೇಳಿದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು, ಇವನ್ನೂ ಹೀಗೇ ಆಡಿಸಿ ಕಲಿಸಬಹುದು.

ಕೆಲಸದ ಜಾಗಗಳಿಗೆ ಕರೆದುಕೊಂಡು ಹೋಗಿ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್, ಮೆಸ್ಕಾಂ ಸಬ್‌ಸ್ಟೇಷನ್, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಈ ಸಂಸ್ಥೆಯ ಬೇರು 1925ರಷ್ಟು ಹಿಂದಿನದು. ದಿನಾ ಕೊಯ್ಯುವ ಹಣ್ಣಿನ ಮೇಲೆ ತಮ್ಮ ಜಿಲ್ಲೆಯಲ್ಲೇ ನೂರು ವರ್ಷದಿಂದ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದಾರೆ ಅಂತ ಲೈನ್ ಮನೆ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಇಡೀ ಕ್ಲಾಸನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋಗುವುದು ಬೇಡ. ಆರೇಳು ಮಕ್ಕಳು, ಒಬ್ಬೊಬ್ಬರ ಕೈಯಲ್ಲಿ ತಾವೇ ಬರೆದುಕೊಂಡ ಮೂರು ಪ್ರಶ್ನೆ ಇರಲಿ. ‘ನೀವು ಎಷ್ಟು ಓದಿದ್ದೀರಿ’ ಅನ್ನುವುದು ಅದರಲ್ಲಿ ಒಂದಾಗಿರಲಿ. ಕಿರಿಯ ಪವರ್‌ಮ್ಯಾನ್ ಹುದ್ದೆಗೆ ಎಸ್ಸೆಸ್ಸೆಲ್ಸಿ ಬೇಕು, ಕಂಬ ಹತ್ತುವ ಪರೀಕ್ಷೆಯೂ ಇದೆ, ಆಯ್ಕೆಗೆ ಎಸ್ಸೆಸ್ಸೆಲ್ಸಿ ಅಂಕ ನೋಡುತ್ತಾರೆ ಅಂತ ಪವರ್‌ಮ್ಯಾನ್ ಬಾಯಲ್ಲೇ ಕೇಳಿದರೆ ಮರ ಹತ್ತುವ ನಮ್ಮ ಹುಡುಗರ ಕಿವಿ ನಿಮಿರುತ್ತದೆ.

ಪ್ರಶ್ನೆ: ಅರಕಲಗೂಡು ಕಡೆಯವರು. ನನ್ನ ತಂಗಿಗೆ 16. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಹೋಯಿತು. ಗಾರ್ಮೆಂಟ್ಸ್ ಬಸ್ ಊರಿಗೇ ಬರುತ್ತೆ, ಕಳಿಸೋಣ ಅಂತ ಅಮ್ಮ. ಸೋದರತ್ತೆ ಮದುವೆ ಮಾತೂ ತೆಗೆದಿದ್ದಾರೆ. ತಂಗಿ ಊಟ ಬಿಟ್ಟು ಕೂತಿದ್ದಾಳೆ.

ಮದುವೆ ಮಾತನ್ನು ಇವತ್ತೇ ನಿಲ್ಲಿಸಿ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದ ಕಾನೂನಿನಲ್ಲಿ ಮದುವೆಯೇ ಅಲ್ಲ, ಮಾಡಿಸಿದವರ ಮೇಲೆ ಕೇಸು ಬೀಳುತ್ತದೆ. ಮನೆಯವರು ಒತ್ತಾಯ ಮಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಹೋಗುವುದಿಲ್ಲ. ತಂಗಿಗೂ ಆ ನಂಬರ್ ಬಾಯಿಪಾಠ ಇರಲಿ.

ನಾಲ್ಕು ವಿಷಯ ಪಾಸಾಗಿದ್ದಾಳೆ ಅಲ್ವಾ, ಅದನ್ನು ಮನೆಯಲ್ಲಿ ಯಾರಾದರೂ ಅವಳಿಗೆ ಹೇಳಿದ್ದೀರಾ? ಉಳಿದದ್ದು ಎರಡೇ. ಶಾಲೆಗೆ ಹೋಗಿ ಪರೀಕ್ಷೆ 2ಕ್ಕೆ ಹೆಸರು ಕಟ್ಟಿಸಿ, ದಿನ ಮೀರಿದ್ದರೆ ಅದರ ಮುಂದಿನ ಪರೀಕ್ಷೆಗೆ. ಗಾರ್ಮೆಂಟ್ಸ್ ಕೆಲಸ ಕೀಳಲ್ಲ, ಎಷ್ಟೋ ಮನೆಗಳು ಅದರಿಂದ ನಡೆಯುತ್ತಿವೆ. ಆದರೆ ಆಧಾರ್‌ನಲ್ಲಿ ವಯಸ್ಸು ಜಾಸ್ತಿ ಮಾಡಿಸಿ ಕಳಿಸುವವರಿದ್ದಾರೆ, ಆ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಮುಂದೆ ಮಾರ್ಕ್ಸ್ ಕಾರ್ಡಿನ ಹುಟ್ಟಿದ ತಾರೀಖಿಗೂ ಆಧಾರ್‌ಗೂ ತಾಳೆಯಾಗದೆ ಪಿಎಫ್, ಸ್ಕಾಲರ್‌ಶಿಪ್ ಎಲ್ಲ ಸಿಕ್ಕಿಹಾಕಿಕೊಳ್ಳುತ್ತವೆ. ಪಾಸಾದ ಮೇಲೆ ಪಿಯುಸಿ, ಐಟಿಐ ಇವೆ. ಹಾಸನದ ಮಹಿಳಾ ಪಾಲಿಟೆಕ್ನಿಕ್‌ ಕೂಡ ಇದೆ. ಬಟ್ಟೆ ಕೆಲಸವೇ ಇಷ್ಟ ಅಂದರೆ ಐಟಿಐನ ಹೊಲಿಗೆ ಟ್ರೇಡ್ ಒಂದೇ ವರ್ಷ. ಅದನ್ನು ಮುಗಿಸಿ ಅದೇ ಬಸ್ ಹತ್ತಿದರೂ ಹೆಲ್ಪರ್ ಆಗಿ ಶುರು ಮಾಡಬೇಕಾಗಿಲ್ಲ.

ಮೊದಲು ಊಟ ಮಾಡಿಸಿ. ರಾತ್ರಿ ಒಬ್ಬಳನ್ನೇ ಬಿಡಬೇಡಿ. ‘ಸತ್ತೋಗ್ಬೇಕು’ ಅನ್ನುವ ಥರದ ಮಾತು ಬಂದರೆ ತಡ ಮಾಡದೆ 14416ಕ್ಕೆ, ಟೆಲಿಮಾನಸ್ ಸಹಾಯವಾಣಿಗೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಸಣ್ಣ ಆಟೋಮೊಬೈಲ್ ವರ್ಕ್‌ಶಾಪ್. ಸ್ಕೂಲು ಬಿಟ್ಟ ಹುಡುಗರು ಕೆಲಸ ಕಲಿಸಿ ಅಂತ ಬರುತ್ತಾರೆ. ಇಟ್ಟುಕೊಂಡರೆ ತಪ್ಪಾ?

ವಯಸ್ಸು ನೋಡಿ. 14ರ ಒಳಗಿನವರನ್ನು ಇಟ್ಟುಕೊಳ್ಳಲೇಬೇಡಿ. ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಅಥವಾ 20 ಸಾವಿರದಿಂದ 50 ಸಾವಿರದವರೆಗೆ ದಂಡ, ಎರಡೂ ಆಗಬಹುದು. 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಉಳಿದ ಕೆಲಸಕ್ಕೂ ಬಿಡುವು ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಇಲ್ಲ, ವಾರಕ್ಕೊಂದು ರಜ ಕೊಡಬೇಕು. ವರ್ಕ್‌ಶಾಪಿನ ಯಾವ ಕೆಲಸ ಅಪಾಯದ ಪಟ್ಟಿಗೆ ಬರುತ್ತದೆ ಅಂತ ಕಾರ್ಮಿಕ ನಿರೀಕ್ಷಕರ ಹತ್ತಿರ ಮೊದಲೇ ಕೇಳಿಕೊಳ್ಳಿ. ಗಿರಾಕಿಯ ಬೈಕನ್ನು ಟ್ರಯಲ್‌ಗೆ ಅಂತ ಇಂಥ ಹುಡುಗರ ಕೈಗೆ ಕೊಡಲೇಬೇಡಿ. 18 ತುಂಬದವರು ಓಡಿಸಿ ಸಿಕ್ಕಿಬಿದ್ದರೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು ಗಾಡಿ ಮಾಲೀಕರ ತಲೆಗೇ ಬರುತ್ತದೆ.

ನಿಮ್ಮಲ್ಲಿ ನಾಲ್ಕು ಅಥವಾ ಹೆಚ್ಚು ಜನ ಇದ್ದರೆ ಅಪ್ರೆಂಟಿಸ್ ಯೋಜನೆಯಲ್ಲಿ ಹೆಸರು ನೋಂದಾಯಿಸಬಹುದು. ಐಟಿಐ ಮುಗಿಸಿದ ಹುಡುಗರನ್ನು ಸ್ಟೈಪೆಂಡ್ ಕೊಟ್ಟು ಕಾನೂನುಬದ್ಧವಾಗಿ ತೆಗೆದುಕೊಳ್ಳಲು ದಾರಿ ಅದು. ನಿಮ್ಮ ಹತ್ತಿರದ ಸರ್ಕಾರಿ ಐಟಿಐನ ಪ್ರಾಂಶುಪಾಲರನ್ನು ಕಂಡು ಮಾತಾಡಿ. ಮತ್ತೆ, ಸ್ಕೂಲು ಬಿಟ್ಟು ಬಂದ ಹುಡುಗ ನಿಮ್ಮ ಬಾಗಿಲಲ್ಲಿ ನಿಂತಾಗ ಯಾವ ಶಾಲೆ ಅಂತ ಕೇಳಿ, ಅಲ್ಲಿನ ಹೆಡ್‌ಮಾಸ್ಟರಿಗೆ ಒಂದು ಫೋನ್ ಮಾಡಿಬಿಡಿ.